‘ಇಲ್ಲ’ ಎನ್ನಬಾರದ ಕೋಟು

ನಮ್ಮ ಮಕ್ಕಳ ನಾಟಕ ತಂಡದಲ್ಲಿ ನನಗೆ ಸಿಕ್ಕ ಮೊದಲ ಹುದ್ದೆ ಕುದುರೆಯ ಹಿಂಗಾಲು. ಒಂದಲ್ಲ, ಎರಡೂ. ಐದು ವರ್ಷ ನಿಷ್ಠೆಯಿಂದ ಆ ಹುದ್ದೆಯನ್ನು ನಿಭಾಯಿಸಿದೆ. ವ್ಯಾನಿನಲ್ಲಿ ಊರೂರು ಸುತ್ತುವುದು, ಶಾಲೆಯ ಅಂಗಳದಲ್ಲಿ ಪರದೆ ಕಟ್ಟುವುದು, ಮುಂಗಾಲಿನವನ ಸೊಂಟ ಹಿಡಿದು ಬಗ್ಗಿಕೊಂಡು ಮುಕ್ಕಾಲು ಗಂಟೆ ಓಡುವುದು. ಮುಂಗಾಲಿನವನಿಗೆ ಪ್ರೇಕ್ಷಕರು ಕಾಣುತ್ತಿದ್ದರು. ನನಗೆ ಅವನ ಬೆಲ್ಟು ಕಾಣುತ್ತಿತ್ತು.

ಹೀಗಿರುವಾಗ ಒಂದು ದಿನ ನಿರ್ದೇಶಕರು ನನ್ನನ್ನು ಕರೆದು, “ಇನ್ಮೇಲೆ ನೀನು ರಂಗಶಿಕ್ಷಕ. ಕ್ಲಾಸಿಗೆ ಹೋಗಿ ಮಕ್ಕಳ ಕೈಲಿ ನಾಟಕ ಮಾಡಿಸ್ಬೇಕು” ಎಂದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು ಎನ್ನಿಸಿತು. ನನ್ನವಳು ಆ ಸಂಜೆಯೇ ತವರಿಗೆ ಫೋನ್ ಮಾಡಿ ನನ್ನ ಬಡ್ತಿಯ ಸುದ್ದಿ ಹೇಳಿದಳು. ಆ ಕಡೆಯಿಂದ ಅತ್ತೆಯವರು, “ಅಂದ್ರೆ, ಮುಂಗಾಲಿಗೆ ಬಂದ್ರಾ?” ಎಂದು ಕೇಳಿದರಂತೆ.

ರಂಗಶಿಕ್ಷಕ ಎಂದರೆ ಕರಿಹಲಗೆಯ ಮುಂದೆ ನಿಂತು ಪಾಠ ಹೇಳುವವನಲ್ಲ. ನಮ್ಮ ಪದ್ಧತಿಯೇ ಬೇರೆ. ಅವನು ಒಂದು ಪಾತ್ರವಾಗಿ ಕ್ಲಾಸಿನೊಳಗೆ ಕಾಲಿಡುತ್ತಾನೆ, ಸೋಮವಾರದಿಂದ ಶುಕ್ರವಾರದವರೆಗೆ ಆ ಪಾತ್ರವಾಗಿಯೇ ಇರುತ್ತಾನೆ. ನನ್ನದು ನೆನಪು ಕಳೆದುಕೊಂಡ ಮನುಷ್ಯನ ಪಾತ್ರ. ಹದಿಮೂರು ಜೇಬುಗಳಿರುವ ಹಳೆಯ ಉದ್ದ ಕೋಟು, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ. ಒಳಗೆ ಹೋಗಿ, “ನಾನ್ಯಾರು ಅಂತ ಯಾರಾದ್ರೂ ಹೇಳ್ತೀರಾ?” ಎಂದು ಕೇಳಬೇಕು. ಮಕ್ಕಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಧೈರ್ಯ ಹೇಳಿ, ಕೈ ನೋಡಿ, ಜೇಬು ಹುಡುಕಿ, ನಾನು ಯಾರೆಂದು ಪತ್ತೆ ಹಚ್ಚಬೇಕು. ಅದರಿಂದಲೇ ಒಂದು ನಾಟಕ ಹುಟ್ಟುತ್ತದೆ. ಶುಕ್ರವಾರ ಅದನ್ನು ಅಪ್ಪ ಅಮ್ಮಂದಿರ ಮುಂದೆ ಆಡುತ್ತಾರೆ.

ನಿಯಮಗಳು ಮೂರು. ಕ್ಲಾಸ್ ಟೀಚರ್ ಒಳಗಿರಬಾರದು. ಇದನ್ನು ಇದುವರೆಗೆ ಯಾವ ಟೀಚರೂ ವಿರೋಧಿಸಿಲ್ಲ. ಶಾಲೆಯ ಗೇಟಿನೊಳಗೆ ಇರುವಷ್ಟು ಹೊತ್ತು ಪಾತ್ರ ಬಿಡಬಾರದು. ಮೂರನೆಯದು, ಮಕ್ಕಳು ಏನೇ ಹೇಳಲಿ, ಕೋಟು ಮೈಮೇಲಿರುವಾಗ ‘ಇಲ್ಲ’ ಎನ್ನಬಾರದು. “ನೀನು ಇಲ್ಲ ಅಂದ ತಕ್ಷಣ ಮಗು ಬಾಯಿ ಮುಚ್ಕೊಳ್ಳುತ್ತೆ. ನಾಟಕ ಅಲ್ಲೇ ಗೊಟಕ್” ಎಂದು ನಿರ್ದೇಶಕರು ಹೋದಲ್ಲೆಲ್ಲ ಭಾಷಣ ಮಾಡುತ್ತಾರೆ.

ಈ ಮೂರನೆಯ ನಿಯಮವನ್ನು ನಾನು ಆಗಲೇ ಎರಡು ಸಲ ಮುರಿದಿದ್ದೆ. ಮೊದಲ ಶಾಲೆಯಲ್ಲಿ ಮಕ್ಕಳು ನನ್ನನ್ನು ಕಳ್ಳನೆಂದು ತೀರ್ಮಾನಿಸಿ ಬೀರುವಿನೊಳಗೆ ಹಾಕಿ ಚಿಲಕ ಜಡಿದಾಗ, “ಇಲ್ಲ, ನಾನು ನಾಟಕದವನು” ಎಂದು ಕೂಗಿಕೊಂಡೆ. ಎರಡನೆಯ ಶಾಲೆಯಲ್ಲಿ ಒಂದು ಮಗು, “ನೀವು ಸತ್ತು ತುಂಬಾ ದಿನ ಆಯ್ತು” ಎಂದಿತು. ಅದಕ್ಕೂ ಇಲ್ಲ ಎಂದುಬಿಟ್ಟೆ. ನಿರ್ದೇಶಕರು ಸಿಟ್ಟಾಗಲಿಲ್ಲ. ಕುದುರೆಯ ಹಿಂಭಾಗವನ್ನು ಪೆಟ್ಟಿಗೆಯಿಂದ ತೆಗೆದು, ಧೂಳು ಕೊಡವಿ, ನನಗೆ ಕಾಣುವ ಹಾಗೆ ಗೂಟಕ್ಕೆ ನೇತುಹಾಕಿದರು. “ಇನ್ನೊಂದೇ ಸಲ” ಎಂದರು. ಇಂಥ ಸ್ಥಿತಿಯಲ್ಲಿ ನಾನು ಮೂರನೆಯ ಶಾಲೆಯ ನಾಲ್ಕನೇ ಕ್ಲಾಸಿಗೆ ಕಾಲಿಟ್ಟೆ.

“ನಾನ್ಯಾರು ಅಂತ ಯಾರಾದ್ರೂ ಹೇಳ್ತೀರಾ?”

ಮೂವತ್ತೆಂಟು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ನಾನಿನ್ನೂ ಕುರ್ಚಿಯಲ್ಲಿ ಕೂತಿರಲಿಲ್ಲ, ಕೊನೆಯ ಬೆಂಚಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಸರಸರ ಬಂದು ನನ್ನ ಕೋಟಿನ ತೋಳು ಹಿಡಿದುಕೊಂಡಳು.

“ನೀವು ನಮ್ಮಪ್ಪ” ಎಂದಳು.

“ಸುಳ್ಳು. ಇವಳಪ್ಪ ದಪ್ಪ ಇದಾರೆ” ಎಂದ ಮುಂದಿನ ಬೆಂಚಿನವನು.

“ನೆನಪು ಹೋದ ಮೇಲೆ ಸಣ್ಣ ಆದ್ರು.”

“ಅವರಿಗೆ ಮೀಸೆ ಇದೆ.”

“ಅದೂ ಹೋಯ್ತು” ಎಂದಳು ಎರಡು ಜಡೆ, ಒಂದಿಷ್ಟು ದುಃಖದಿಂದ. ಕ್ಲಾಸು ಇದನ್ನು ಒಪ್ಪಿತು. ನೆನಪೇ ಹೋದವನಿಗೆ ಮೀಸೆ ಹೋಗುವುದು ಯಾವ ಮಹಾ ಎನ್ನುವಂತೆ ಎಲ್ಲರೂ ತಲೆಯಾಡಿಸಿದರು.

“ಬನ್ನಿ ಅಪ್ಪಾ, ದೊಡ್ಡ ಮಿಸ್ ಹತ್ರ ಹೋಗೋಣ. ಅಲ್ಲಿ ಹೋದ್ರೆ ನಿಮಗೆ ಎಲ್ಲಾ ನೆನಪಾಗುತ್ತೆ.”

ನಾನು ಏನೆನ್ನಬಹುದಿತ್ತು? ಗೂಟಕ್ಕೆ ನೇತುಬಿದ್ದಿದ್ದ ಕುದುರೆಯ ಬಾಲ ಕಣ್ಣಮುಂದೆ ಬಂತು. “ಹೌದು, ಹೋಗೋಣ ಮಗಳೇ” ಎಂದೆ.

ಕಾರಿಡಾರಿನಲ್ಲಿ ಅವಳು ನಿಜವಾದ ಸಂಗತಿ ಪಿಸುಗುಟ್ಟಿದಳು. ಹೋದ ವಾರ ಪಕ್ಕದ ಬೀದಿಯ ಶಾಲೆಯಲ್ಲಿ ನಮ್ಮ ತಂಡದ ನಾಟಕವಿತ್ತು. ಅದನ್ನು ನೋಡುವುದಕ್ಕೆಂದು ತಾನೇ ಒಂದು ರಜೆಯ ಪತ್ರ ಬರೆದು, ಕೆಳಗೆ ಅಪ್ಪನ ಸಹಿಯನ್ನೂ ತಾನೇ ಹಾಕಿ, ಕ್ಲಾಸಿಗೆ ಚಕ್ಕರ್ ಹೊಡೆದಿದ್ದಳು. ಅಲ್ಲಿಯೇ ನಿರ್ದೇಶಕರ ಭಾಷಣ ಕೇಳಿ ಮೂರನೆಯ ನಿಯಮವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಪತ್ರ ಸಿಕ್ಕಿಬಿದ್ದಿತ್ತು. ಇವತ್ತು ಹತ್ತು ಗಂಟೆಯೊಳಗೆ ಅಪ್ಪನನ್ನು ಕರೆತರದಿದ್ದರೆ ಶುಕ್ರವಾರದ ನಾಟಕದಿಂದ ಅವಳನ್ನು ಹೊರಗಿಡುವುದಾಗಿ ದೊಡ್ಡ ಮಿಸ್ ಹೇಳಿದ್ದರು.

ಪಾತ್ರ ಬಿಡುವಂತಿರಲಿಲ್ಲ. ಆದ್ದರಿಂದ ಪಾತ್ರದೊಳಗೇ ಇದ್ದುಕೊಂಡು ಕೇಳಿದೆ: “ಮಗೂ, ನನಗೆ ನೆನಪಿಲ್ಲದ ಈ ದಿನಗಳಲ್ಲಿ ನಿನಗೆ ಬೇರೆ ಅಪ್ಪ ಯಾರೂ ಇರಲಿಲ್ವಾ?”

“ಇದ್ರು. ಆದ್ರೆ ಅವರಿಗೆ ಸುಳ್ಳು ಅಂದ್ರೆ ಆಗಲ್ಲ. ತುಂಬಾ ಸತ್ಯವಂತರು” ಎಂದಳು.

ದೊಡ್ಡ ಮಿಸ್ ಎಂದರೆ ಹೆಡ್ ಮಿಸ್ಟ್ರೆಸ್. ನಾಟಕದ ತಂಡಕ್ಕೆ ಅನುಮತಿ ಕೊಟ್ಟಿದ್ದು ಅವರೇ ಆದರೂ, ಅವರು ನೋಡಿದ್ದು ನಿರ್ದೇಶಕರನ್ನು ಮಾತ್ರ. ನನ್ನನ್ನು ಬೂಟಿನಿಂದ ಚಪ್ಪಲಿಯವರೆಗೆ ನೋಡಿ, “ಏನ್ರೀ ಇದು ಅವತಾರ?” ಎಂದರು.

“ಮನೆಗೆ ಬಣ್ಣ ಹೊಡೀತಿದ್ರು ಮಿಸ್” ಎಂದಳು ಎರಡು ಜಡೆ.

“ಒಂದು ಕಾಲಿಗೆ ಚಪ್ಪಲಿ?”

“ಅವಸರದಲ್ಲಿ ಬಂದ್ರು ಮಿಸ್. ನನ್ನ ಓದು ಅಂದ್ರೆ ಅವರಿಗೆ ಅಷ್ಟು ಚಿಂತೆ.”

ದೊಡ್ಡ ಮಿಸ್ ಫೈಲಿನಿಂದ ಒಂದು ಕಾಗದ ತೆಗೆದು, ಕನ್ನಡಕ ಏರಿಸಿಕೊಂಡು ಓದಿದರು. “ಮಾನ್ಯರೇ, ನಿನ್ನೆಯಿಂದ ತೀವ್ರ ಜ್ವರವಿದ್ದು, ಹಾಸಿಗೆಯಿಂದ ಮೇಲೇಳಲೂ ಆಗದೆ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಗೈರುಹಾಜರಿಯಲ್ಲಿ ನನ್ನ ಕಡತಗಳನ್ನು ಪಕ್ಕದ ಮೇಜಿನವರು ನೋಡಿಕೊಳ್ಳುತ್ತಾರೆ.” ಕಾಗದ ಕೆಳಗಿಟ್ಟರು. “ನಾಲ್ಕನೇ ಕ್ಲಾಸಿನ ಹುಡುಗಿಗೆ ಯಾವ ಕಡತಾರೀ? ಎಲ್ಲಿಂದ ಕಲಿತಳು ಈ ಭಾಷೆ?”

“ನನಗೆ ಏನೂ ನೆನಪಿಲ್ಲ” ಎಂದೆ. ಅದು ಪಾತ್ರದ ಮಾತೇ ಆಗಿತ್ತು.

“ಹೆತ್ತವರಿಗೇ ನೆನಪಿಲ್ಲ ಅಂದ್ರೆ ಮಕ್ಕಳು ಇನ್ನೇನಾಗ್ತಾರೆ. ಇನ್ಮುಂದೆ ಇವಳ ಮೇಲೆ ಕಣ್ಣಿಡ್ತೀನಿ ಅಂತ ಬರೆದು ಸಹಿ ಹಾಕಿ.”

ಗುಮಾಸ್ತರು ರಿಜಿಸ್ಟರು ತಂದು ನನ್ನ ಮುಂದೆ ಬಿಚ್ಚಿದರು. ಇಲ್ಲಿ ನಾನೊಂದು ತಪ್ಪು ಮಾಡಿದೆ. ಕೈಗೆ ಪೆನ್ನು ಬಂದ ಕೂಡಲೇ, ಅಭ್ಯಾಸಬಲದಿಂದ, ‘ತಂದೆಯ ಸಹಿ’ ಎಂದಿದ್ದ ಕಡೆ ನನ್ನ ಸ್ವಂತ ಹೆಸರನ್ನೇ ಬರೆದುಬಿಟ್ಟೆ. ಗುಮಾಸ್ತರು ಸಹಿ ನೋಡಿದರು, ಆಮೇಲೆ ಮುಖ ನೋಡಿದರು. ನಾನೂ ಆಗಲೇ ಅವರ ಮುಖ ನೋಡಿದ್ದು. ನಮ್ಮ ಕಟ್ಟಡದಲ್ಲಿ, ಸರಿಯಾಗಿ ನಮ್ಮ ಮನೆಯ ಕೆಳಗೆ, ಬಾಡಿಗೆಗಿರುವ ಮಹಾನುಭಾವರು ಅವರೇ. ಅವರು ಬಹಳ ಗೌರವದಿಂದ ರಿಜಿಸ್ಟರು ಮುಚ್ಚಿದರು.

ಆ ಸಂಜೆ ನಾನು ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಹತ್ತಿ ಹೋಗಿತ್ತು. ಗುಮಾಸ್ತರ ಹೆಂಡತಿ ನಮ್ಮ ಬಾಗಿಲಲ್ಲಿ ನಿಂತು ನನ್ನವಳಿಗೆ ಸಮಾಧಾನ ಹೇಳುತ್ತಿದ್ದರು. “ನೀವು ಮನಸ್ಸಿಗೆ ಹಚ್ಕೋಬೇಡಿ. ಮಗು ತುಂಬಾ ಚೂಟಿಯಂತೆ. ಗಣಿತದಲ್ಲಿ ಕ್ಲಾಸಿಗೇ ಮೊದಲಂತೆ.” ನಮಗೆ ಮದುವೆಯಾಗಿ ಮೂರು ವರ್ಷ. ಮಗುವಿಗೆ ಒಂಬತ್ತು ವರ್ಷ. ಈ ಎರಡು ಸಂಖ್ಯೆಗಳನ್ನು ಇಡೀ ಕಟ್ಟಡ ಪಕ್ಕಪಕ್ಕ ಇಟ್ಟು ನೋಡಿಯಾಗಿತ್ತು. ಎದುರು ಮನೆಯ ದರ್ಜಿ ನನ್ನನ್ನು ಪಕ್ಕಕ್ಕೆ ಕರೆದು, “ನಮಗೆ ಒಂದು ಮನೇಲೇ ಉಸಿರು ಕಟ್ಟುತ್ತೆ. ನೀವು ಹೇಗೆ ಸ್ವಾಮಿ ನಿಭಾಯಿಸ್ತೀರಾ?” ಎಂದು ನಿಜವಾದ ಕುತೂಹಲದಿಂದ ಕೇಳಿದ.

ನನ್ನವಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ತರಕಾರಿ ಹೆಚ್ಚುತ್ತಲೇ ಕೇಳಿ, “ಅಲ್ಲಾ ರೀ, ನಿಮಗೆ ಒಂದು ಸಂಸಾರ ನೆಟ್ಟಗೆ ನಡೆಸೋಕೆ ಬರಲ್ಲ. ಎರಡನ್ನ ಎಲ್ಲಿ ನಡೆಸ್ತೀರಾ” ಎಂದಳು. ಹೆಂಡತಿಯ ಇಂಥ ನಂಬಿಕೆ ಎಲ್ಲರಿಗೂ ಸಿಗುವುದಿಲ್ಲ. ಆದರೆ ಗುಮಾಸ್ತರ ಹೆಂಡತಿಗೆ ಅತ್ತೆಯವರ ಫೋನ್ ನಂಬರೂ ಗೊತ್ತಿತ್ತು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಅತ್ತೆಯವರು ಬಂದಿಳಿದರು.

“ಅಳಿಯಂದ್ರೇ, ಅದು ಪಾತ್ರ ಅಂತೀರಾ?”

“ಹೌದು ಅತ್ತೆ.”

“ಕುದುರೆ ಪಾತ್ರ ಮಾಡೋವಾಗ ಎಲ್ಲಾದ್ರೂ ಸಹಿ ಹಾಕಿದ್ರಾ?”

ಅತ್ತೆಯವರು ಮಗಳ ಬಟ್ಟೆಗಳನ್ನು ಬೀರುವಿನಿಂದ ತೆಗೆದು ತಮ್ಮ ಚೀಲಕ್ಕೆ ತುಂಬಿದರು. “ಶುಕ್ರವಾರ ಅದೇನೋ ನಾಟಕ ಇದ್ಯಂತಲ್ಲ. ಅಲ್ಲಿಗೆ ಬರ್ತೀವಿ. ನಾಲ್ಕು ಜನರ ಮುಂದೆ, ಆ ಹುಡುಗಿ ನನ್ನ ಮಗಳಲ್ಲ ಅಂತ ನೀವು ಬಾಯಿಬಿಟ್ಟು ಹೇಳ್ಬೇಕು. ಹೇಳಿದ್ರೆ ಸರಿ. ಇಲ್ಲದಿದ್ರೆ ನಾನು ನನ್ನ ಮಗಳನ್ನ ಕರ್ಕೊಂಡು ಆ ಕಡೆಯಿಂದಲೇ ಬಸ್ ಹತ್ತೋದೇ.” ನನ್ನವಳು ಏನೋ ಹೇಳಲು ಬಂದಳು. ಅತ್ತೆಯವರು, “ನೀನು ಸುಮ್ನಿರೇ, ನಿನಗೇನೂ ತಿಳಿಯಲ್ಲ” ಎಂದರು. ಆ ಮನೆತನದಲ್ಲಿ ಈ ಮಾತಿನ ಮೇಲೆ ಅಪೀಲು ಇಲ್ಲ.

ಹೇಳಿದರೆ ಕುದುರೆಯ ಹಿಂಗಾಲು. ಹೇಳದಿದ್ದರೆ ಒಂಟಿ ಸಂಸಾರ. ಗೇಟಿನ ಹೊರಗೆ ನಿಂತು ನಿರ್ದೇಶಕರಿಗೆ ಫೋನ್ ಮಾಡಿ ನನ್ನ ಕಷ್ಟ ತೋಡಿಕೊಂಡೆ. ಅವರು ಭಾವುಕರಾದರು. “ಪಾತ್ರ ನಿನ್ನ ಮನೆವರೆಗೂ ಬಂದಿದ್ಯಾ? ನಲವತ್ತು ವರ್ಷದ ನನ್ನ ಅನುಭವದಲ್ಲಿ ಇಂಥದ್ದು ನೋಡಿಲ್ಲ ಕಣೋ. ಬಿಡ್ಬೇಡ” ಎಂದರು.

ಬಿಡುವುದಾದರೂ ಹೇಗೆ? ಕ್ಲಾಸಿನಲ್ಲಿ ಕೆಲಸ ಅದ್ಭುತವಾಗಿ ಸಾಗುತ್ತಿತ್ತು. ಮಕ್ಕಳು ದಿನಕ್ಕೆ ನಾಲ್ಕು ಸಲ ನನ್ನನ್ನು ಕೂರಿಸಿ, ಧೈರ್ಯ ಹೇಳಿ, ಜೇಬು ಹುಡುಕಿ ಪಳಗಿದ್ದರು. ಯಾರಾದರೂ ದೊಡ್ಡವರು ‘ನಾನ್ಯಾರು’ ಎಂದರೆ ಸಾಕು, ನಿದ್ದೆಯಲ್ಲಿದ್ದರೂ ಎದ್ದು ಬಂದು ಪತ್ತೆ ಹಚ್ಚುವಷ್ಟು ತಯಾರಾಗಿದ್ದರು. ಎರಡು ಜಡೆ ಮುಖ್ಯ ಪತ್ತೇದಾರಿಯಾಗಿದ್ದಳು. ಜೇಬಿನಲ್ಲಿ ಸಿಕ್ಕ ಕಾಗದಗಳನ್ನು ಗಟ್ಟಿಯಾಗಿ, ಸ್ಪಷ್ಟವಾಗಿ ಓದುವುದು ಅವಳ ಹಕ್ಕು. ಅವಳ ಗಂಟಲು ತೆರೆಸಿದವನು ನಾನೇ.

ಈ ನಡುವೆ ದೊಡ್ಡ ಮಿಸ್ ನನ್ನನ್ನು ಮಂಗಳವಾರ ಕಾರಿಡಾರಿನಲ್ಲಿ ಕಂಡು, “ಇವತ್ತೂ ಬಂದ್ರಾ?” ಎಂದರು. ಬುಧವಾರ, “ಪಾಪ, ಬಣ್ಣದ ಕೆಲಸ ಇನ್ನೂ ಮುಗಿದಿಲ್ವಾ?” ಎಂದರು. ಗುರುವಾರ ಅವರ ಕಣ್ಣು ಒದ್ದೆಯಾಗಿತ್ತು. ಅಂದು ಬೆಳಿಗ್ಗೆ ಎಲ್ಲ ಮಕ್ಕಳೂ ಸಾಲಾಗಿ ನಿಂತಿದ್ದಾಗ ಮೈಕಿನಲ್ಲಿ ಘೋಷಿಸಿಯೇಬಿಟ್ಟರು. ಮಗಳನ್ನು ತಿದ್ದುವುದಕ್ಕಾಗಿ ಮನೆಯ ಕೆಲಸವನ್ನೆಲ್ಲ ಬಿಟ್ಟು ದಿನಾ ಶಾಲೆಗೆ ಬರುತ್ತಿರುವ ಒಬ್ಬ ತಂದೆಗೆ ಶುಕ್ರವಾರ, ನಾಟಕಕ್ಕೆ ಮೊದಲು, ‘ಆದರ್ಶ ತಂದೆ’ ಪ್ರಶಸ್ತಿ ಪತ್ರ ಕೊಡಲಾಗುವುದು ಎಂದು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಎರಡು ಜಡೆ ನನ್ನ ಕಡೆ ನೋಡಿ, ಹೆಬ್ಬೆರಳು ಎತ್ತಿದಳು. ಮನೆಗೆ ಕಳಿಸಿದ್ದ ನಾಟಕದ ಆಹ್ವಾನವನ್ನು ಅವಳು ಅಪ್ಪನಿಗೆ ತೋರಿಸದೆ ಹರಿದುಹಾಕಿದ್ದಳು, ಆದ್ದರಿಂದ ನಿಶ್ಚಿಂತೆಯಾಗಿದ್ದಳು. ಸಂಗೀತದ ಟೀಚರ್ ಎಲ್ಲ ಮನೆಗಳಿಗೂ ಫೋನ್ ಮಾಡಿ ಕರೆದಿದ್ದರು ಎಂಬುದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಶುಕ್ರವಾರ ಸಭಾಂಗಣ ಕಿಕ್ಕಿರಿದಿತ್ತು. ನಾನು ಕೋಟು ಹಾಕಿಕೊಂಡು ವೇದಿಕೆಯ ಪಕ್ಕದಿಂದ ಇಣುಕಿದೆ. ನಾಲ್ಕನೆಯ ಸಾಲಿನಲ್ಲಿ ಅತ್ತೆಯವರು, ತೊಡೆಯ ಮೇಲೆ ತುಂಬಿದ ಚೀಲ, ಪಕ್ಕದಲ್ಲಿ ನನ್ನವಳು, ಅವಳ ಪಕ್ಕದಲ್ಲಿ ಗುಮಾಸ್ತರ ಹೆಂಡತಿ. ಪರದೆಯ ಮರೆಯಲ್ಲಿ ನಿರ್ದೇಶಕರು ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು. ಮಕ್ಕಳು ಎರಡೂ ಬದಿಯಲ್ಲಿ ಸಾಲಾಗಿ ತಯಾರಾಗಿದ್ದರು.

ದೊಡ್ಡ ಮಿಸ್ ಮೈಕು ಹಿಡಿದರು. “ಈ ಶಾಲೆಯ ಇತಿಹಾಸದಲ್ಲಿ ಐದು ದಿನವೂ ತಪ್ಪದೆ ಶಾಲೆಗೆ ಬಂದ ತಂದೆ ಇವರೊಬ್ಬರೇ. ಅಷ್ಟು ದಿನ ಎಷ್ಟೋ ಮಕ್ಕಳೇ ಬಂದಿಲ್ಲ” ಎಂದು ನನ್ನನ್ನೂ ಎರಡು ಜಡೆಯನ್ನೂ ವೇದಿಕೆಯ ನಡುವೆ ನಿಲ್ಲಿಸಿದರು. ಎರಡು ಜಡೆ ನಗುತ್ತಲೇ ಬಂದಳು. ಸಭೆಯ ಕಡೆ ತಿರುಗಿದವಳ ಮುಖ ಇದ್ದಕ್ಕಿದ್ದಂತೆ ಬಿಳಚಿಕೊಂಡಿತು. ಅವಳ ಕಣ್ಣು ಹೋದ ಕಡೆ ನಾನೂ ನೋಡಿದೆ. ಮೂರನೆಯ ಸಾಲಿನಲ್ಲಿ ಒಬ್ಬರು ದಪ್ಪನೆಯ, ಮೀಸೆ ಇದ್ದ ಗೃಹಸ್ಥರು ಬಾಯಿ ತೆರೆದುಕೊಂಡು ಕೂತಿದ್ದರು.

“ಈ ಮಗುವಿನ ತಂದೆಯಾಗಿ ಎರಡು ಮಾತಾಡಿ” ಎಂದು ದೊಡ್ಡ ಮಿಸ್ ಮೈಕು ನನ್ನ ಬಾಯಿಗೆ ಹಿಡಿದರು.

ಅತ್ತೆಯವರು ಕುರ್ಚಿಯ ತುದಿಗೆ ಬಂದರು. ನಿರ್ದೇಶಕರು ಉಸಿರು ಬಿಗಿ ಹಿಡಿದರು. ಎರಡು ಜಡೆ ನನ್ನ ಕೋಟಿನ ತೋಳನ್ನು ಮೊದಲ ದಿನಕ್ಕಿಂತ ಬಿಗಿಯಾಗಿ ಹಿಡಿದುಕೊಂಡಳು. ನನ್ನ ಬಾಯಿಂದ ಹೊರಟಿದ್ದು ನನ್ನ ಪಾತ್ರದ ಮಾತೇ.

“ನನಗೆ ಏನೂ ನೆನಪಿಲ್ಲ.”

“ಕೇಳಿಸ್ಕೊಂಡ್ಯಾ? ನೆನಪಿಲ್ಲವಂತೆ” ಎಂದು ಅತ್ತೆಯವರು ಇಡೀ ಸಭೆಗೆ ಕೇಳುವ ಹಾಗೆ ಹೇಳಿ ಎದ್ದರು. “ಏಳೇ, ಬಸ್ಸಿಗೆ ಹೊತ್ತಾಯ್ತು.”

ಆದರೆ ಅವರಿಗಿಂತ ಮುಂಚೆ ಮೂರನೆಯ ಸಾಲಿನವರು ಎದ್ದಿದ್ದರು. ಅವರ ಮೀಸೆ ನಡುಗುತ್ತಿತ್ತು. “ಒಂದ್ನಿಮಿಷ” ಎಂದರು. “ಇವಳಪ್ಪ ಅವರಾದ್ರೆ, ನಾನ್ಯಾರು?”

ಕೂಡಲೇ ವೇದಿಕೆಯ ಎರಡೂ ಬದಿಯಿಂದ ಮೂವತ್ತೇಳು ಮಕ್ಕಳು ಒಟ್ಟಿಗೇ ಕೆಳಕ್ಕೆ ಧುಮುಕಿದರು. ಅವರ ತಪ್ಪಿಲ್ಲ. ಐದು ದಿನ ಅಭ್ಯಾಸ ಮಾಡಿದ್ದ ಪ್ರಶ್ನೆಯನ್ನು ಯಾರೋ ಕೇಳಿಯಾಗಿತ್ತು.

“ಹೆದರ್ಕೋಬೇಡಿ. ನಾವಿದೀವಿ.”

“ನಿಧಾನಕ್ಕೆ ಉಸಿರಾಡಿ. ಎಲ್ಲಾ ನೆನಪಾಗುತ್ತೆ.”

ಕೈ ಹಿಡಿದು ವೇದಿಕೆಗೆ ಕರೆತಂದು, ನನಗೆಂದು ಇಟ್ಟಿದ್ದ ಕುರ್ಚಿಯಲ್ಲಿ ಅವರನ್ನು ಕೂರಿಸಿದರು. ಒಬ್ಬಳು ಅಂಗೈ ನೋಡಿ, “ಬೆರಳಲ್ಲಿ ಶಾಯಿ ಇದೆ. ಬರೆಯೋ ಕೆಲಸ” ಎಂದಳು. ಇನ್ನೊಬ್ಬ ಹೊಟ್ಟೆ ನೋಡಿ, “ಕೂತು ಬರೆಯೋ ಕೆಲಸ” ಎಂದ. ಜೇಬಿನಿಂದ ಒಂದು ಬಾಚಣಿಗೆ ಬಂತು, ಒಂದು ಬಸ್ ಪಾಸು ಬಂತು, ನಾಲ್ಕು ಮಡಿಕೆ ಹಾಕಿದ ಕಾಗದವೊಂದು ಬಂತು.

“ಅದನ್ನ ಕೊಡ್ರೋ” ಎಂದು ಗೃಹಸ್ಥರು ಕೈ ಚಾಚಿದರು. ಆದರೆ ಕಾಗದ ಆಗಲೇ ಮುಖ್ಯ ಪತ್ತೇದಾರಿಯ ಕೈ ಸೇರಿತ್ತು. ಎರಡು ಜಡೆ ಮಡಿಕೆ ಬಿಚ್ಚಿ ಮೊದಲ ಸಾಲು ನೋಡಿದಳು. ಅಪ್ಪನ ಮುಖ ನೋಡಿದಳು. ಅಪ್ಪ ಮೆಲ್ಲಗೆ ತಲೆ ಅಲ್ಲಾಡಿಸಿದರು, ಬೇಡ ಎನ್ನುವ ಹಾಗೆ. ಅವಳು ಕತ್ತು ನೆಟ್ಟಗೆ ಮಾಡಿಕೊಂಡು, ನಾನು ಕಲಿಸಿದ ಹಾಗೆಯೇ, ಕೊನೆಯ ಸಾಲಿನವರಿಗೂ ಕೇಳುವಂತೆ ಓದಿದಳು.

“ಮಾನ್ಯರೇ, ನಿನ್ನೆಯಿಂದ ತೀವ್ರ ಜ್ವರವಿದ್ದು, ಹಾಸಿಗೆಯಿಂದ ಮೇಲೇಳಲೂ ಆಗದೆ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಗೈರುಹಾಜರಿಯಲ್ಲಿ...”

“ನನ್ನ ಕಡತಗಳನ್ನು ಪಕ್ಕದ ಮೇಜಿನವರು ನೋಡಿಕೊಳ್ಳುತ್ತಾರೆ” ಎಂದು ದೊಡ್ಡ ಮಿಸ್ ಮೈಕಿನಲ್ಲಿ ವಾಕ್ಯ ಮುಗಿಸಿದರು. ಅವರಿಗೆ ಅದು ಬಾಯಿಪಾಠವಾಗಿತ್ತು. “ತಾರೀಕು?”

“ಇವತ್ತಿಂದೇ ಮಿಸ್.”

ಮಕ್ಕಳು ಒಂದು ಕಡೆ ಗುಂಪಾಗಿ ನಿಂತು ಗುಸುಗುಸು ಚರ್ಚೆ ಮಾಡಿ, ತಿರುಗಿ ಬಂದು ಒಕ್ಕೊರಲಿನಿಂದ ತೀರ್ಪು ಕೊಟ್ಟರು. “ಅನುಮಾನವೇ ಇಲ್ಲ. ನೀವು ಇವಳಪ್ಪ.”

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಲ್ಲರೂ ಅದನ್ನೇ ನಾಟಕ ಎಂದುಕೊಂಡಿದ್ದರು. ನಿರ್ದೇಶಕರು ಓಡಿಬಂದು ನನ್ನನ್ನು ತಬ್ಬಿಕೊಂಡು, “ಪ್ರೇಕ್ಷಕರನ್ನೇ ಎಳ್ಕೊಂಬಂದು ಕೂರಿಸಿಬಿಟ್ಯಲ್ಲೋ. ಆ ಕುದುರೆಗೆ ಬೇರೆ ಯಾರನ್ನಾದ್ರೂ ನೋಡ್ತೀನಿ” ಎಂದರು. ನನ್ನವಳು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು. ಅತ್ತೆಯವರು ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿ, ಗುಮಾಸ್ತರ ಹೆಂಡತಿಯ ಕಡೆ ತಿರುಗಿ, “ನಮ್ಮ ಅಳಿಯಂದ್ರು ಅಂಥವರಲ್ಲ ಅಂತ ನಾನು ಮೊದಲೇ ಹೇಳಿರ್ಲಿಲ್ವಾ?” ಎಂದರು. ಆದರೆ ಅವರ ದನಿಯಲ್ಲಿ ಸ್ವಲ್ಪ ನಿರಾಸೆಯೂ ಇತ್ತು.

ದೊಡ್ಡ ಮಿಸ್ ಮಾತ್ರ ನಗಲಿಲ್ಲ. ಜನ ಚದುರಿದ ಮೇಲೆ ಅಪ್ಪ-ಮಗಳಿಬ್ಬರನ್ನೂ ತಮ್ಮ ಕೋಣೆಗೆ ಕರೆದರು. ನಾನು ಬಾಗಿಲ ಹೊರಗೆ ನಿಂತಿದ್ದೆ, ಎಲ್ಲ ಕೇಳಿಸುತ್ತಿತ್ತು.

“ಮಗಳು ಸುಳ್ಳು ಪತ್ರ ಬರೆದಳು, ಅವಳಪ್ಪನ್ನ ಕರೆಸಿದೆ. ಈಗ ನೋಡಿದ್ರೆ ಅಪ್ಪನೂ ಆಫೀಸಿಗೆ ಸುಳ್ಳು ಪತ್ರ ಬರೀತಾರೆ. ನನ್ನ ಶಾಲೇಲಿ ಎಲ್ಲರಿಗೂ ಒಂದೇ ನಿಯಮ” ಎಂದು ಒಂದು ಚೀಟಿ ಬರೆದು ಮೀಸೆಯವರ ಕೈಗಿತ್ತರು. “ಸೋಮವಾರ ಹತ್ತು ಗಂಟೆಗೆ ನಿಮ್ಮ ತಂದೆಯವರನ್ನ ಕರ್ಕೊಂಡು ಬನ್ನಿ. ಅಲ್ಲಿವರೆಗೆ ಈ ಎರಡು ಪತ್ರಾನೂ ನನ್ನ ಹತ್ರ ಇರುತ್ತೆ.”

“ಮೇಡಂ, ನಮ್ಮ ತಂದೆಯವರನ್ನ ಮಾತ್ರ ಕರೆಸ್ಬೇಡಿ. ಅವರಿಗೆ ಸುಳ್ಳು ಅಂದ್ರೆ ಆಗಲ್ಲ” ಎಂದು ಮೀಸೆಯವರು ಅಂಗಲಾಚಿದರು. “ತುಂಬಾ ಸತ್ಯವಂತರು.”

“ಸೋಮವಾರ ಹತ್ತು ಗಂಟೆ” ಎಂದರು ದೊಡ್ಡ ಮಿಸ್.

ಅಪ್ಪ ಮಗಳು ಚೀಟಿ ಹಿಡಿದುಕೊಂಡು ಹೊರಬಂದರು. ಕಾರಿಡಾರಿನ ತುದಿಯವರೆಗೂ ಪಿಸುಪಿಸು ಮಾತಾಡುತ್ತಾ ಹೋದರು. ಅಲ್ಲಿ ನಿಂತು, ಇಬ್ಬರೂ ಒಟ್ಟಿಗೇ ತಿರುಗಿ ನನ್ನ ಕಡೆ ನೋಡಿದರು. ಮೀಸೆಯವರು ಎರಡು ಹೆಜ್ಜೆ ಮುಂದೆ ಬಂದು, ಬಾಯಿ ತೆರೆದು, ಏನೋ ಯೋಚಿಸಿ ಬಾಯಿ ಮುಚ್ಚಿಕೊಂಡರು. “ನಾನು ಕೇಳಿದ್ರೆ ಆಗಲ್ಲ ಅನ್ನಬಹುದು. ನೀನೇ ಕೇಳು” ಎಂದು ಮಗಳನ್ನು ಮುಂದಕ್ಕೆ ತಳ್ಳಿದರು.

ನಾನು ಗೇಟಿನ ಕಡೆ ಬಿರಬಿರನೆ ಹೆಜ್ಜೆ ಹಾಕಿದೆ. ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಎಷ್ಟು ದೂರ ಓಡಲಾದೀತು? ಗೇಟಿಗೆ ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗಲೇ ಎರಡು ಜಡೆ ಬಂದು ನನ್ನ ತೋಳು ಹಿಡಿದುಕೊಂಡಳು.

“ಬಿಳಿ ಗಡ್ಡ ನಿಮ್ಮ ಪೆಟ್ಟಿಗೇಲೇ ಇದೆ, ನಾನು ನೋಡಿದೀನಿ” ಎಂದಳು. “ನೀವು ನಮ್ಮ ತಾತ.”

ಕೋಟು ಇನ್ನೂ ನನ್ನ ಮೈಮೇಲೇ ಇತ್ತು.